ಸೋಸಿ ಎಸೆದ ಸೊನ್ನೆಗಳು

ದೆಹಲಿಯ ನಮ್ಮ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಿಗೆಂದು ಬೇರೆ ಕೋಣೆಯಿಲ್ಲ. ಮೊದಲ ಮಹಡಿಯ ಕಾರಿಡಾರ್ ಮುಗಿಯುವಲ್ಲಿ, ಜೆರಾಕ್ಸ್ ಯಂತ್ರದ ಪಕ್ಕ, ಡ್ರಾಯರ್ ಇಲ್ಲದ ಒಂದು ಉದ್ದನೆಯ ಮೇಜು ಇದೆ. ಅದೇ ನಮ್ಮ ಜಾಗ. ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಯಂತ್ರದಿಂದ ಬರುವ ಬಿಸಿಗಾಳಿಗೆ ಬೆನ್ನು ಕೊಟ್ಟು ಕೂತಿರಬೇಕು. ಅರ್ಥಶಾಸ್ತ್ರ ಪಾಠ ಮಾಡಲು ನಾನು ಅಲ್ಲಿಗೆ ಸೇರಿದ ಮೊದಲ ವಾರ, ಮೇಜಿನ ಆ ಕೊನೆಯಲ್ಲಿದ್ದ ಹೆಂಗಸು ಡಬ್ಬಿ ತೆರೆದಾಗ ಚಿತ್ರಾನ್ನದ ವಾಸನೆ ಬಂತು. ತಡೆಯಲಾರದೆ ಕನ್ನಡದವರೇ ಎಂದು ಕೇಳಿಬಿಟ್ಟೆ. ಅವರು ಅಚ್ಚರಿಪಡಲಿಲ್ಲ. ಡಬ್ಬಿಯ ಮುಚ್ಚಳಕ್ಕೆ ಅರ್ಧ ಹಾಕಿ ನನ್ನ ಕಡೆ ತಳ್ಳಿ, ಊರು ಯಾವುದು ಎಂದರು. ಹೊಸದುರ್ಗದ ಹತ್ತಿರದ ಹಳ್ಳಿ ಎಂದೆ. ತಮ್ಮದು ಚಳ್ಳಕೆರೆ, ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು ಎಂದರು. ಅಂದಿನಿಂದ ಅವರು ನನಗೆ ಅಹಲ್ಯಕ್ಕ.

ಅಹಲ್ಯಕ್ಕನಿಗೆ ಆಗ ನಲವತ್ತನಾಲ್ಕು ವರ್ಷ. ದಾವಣಗೆರೆಯಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ, ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಕೆಲಸದಲ್ಲಿದ್ದ ಮುರಳೀಧರ ಅವರನ್ನು ಮದುವೆಯಾಗಿ ದೆಹಲಿಗೆ ಬಂದವರು. ಮೊದಲು ಕರೋಲ್ ಬಾಗ್‌ನಲ್ಲಿ ತಾರಸಿಯ ಮೇಲಿನ ಒಂದು ಕೋಣೆ, ಆಮೇಲೆ ನೋಯ್ಡಾದಲ್ಲಿ ಎರಡು ಕೋಣೆಯ ಫ್ಲ್ಯಾಟ್. ಮಗಳು ಸಿಂಚನಾ ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಅವರು ಪಿಎಚ್.ಡಿ.ಗೆ ಹೆಸರು ಬರೆಸಿದರು. ನಾನು ಅವರನ್ನು ಕಂಡಾಗ ಅದಕ್ಕೆ ಎಂಟನೇ ವರ್ಷ ನಡೆಯುತ್ತಿತ್ತು. ಎರಡು ಸಲ ಅವಧಿ ವಿಸ್ತರಣೆ ಪಡೆದಾಗಿತ್ತು. ಮೂರನೆಯದಕ್ಕೆ ನಿಯಮದಲ್ಲಿ ಅವಕಾಶವಿರಲಿಲ್ಲ. ನವೆಂಬರ್ ಕೊನೆಯೊಳಗೆ ಪ್ರಬಂಧ ಒಪ್ಪಿಸಬೇಕು, ಇಲ್ಲವಾದರೆ ಎಲ್ಲವೂ ಅಲ್ಲಿಗೆ ಮುಗಿಯಿತು. ಪದವಿಯಿಲ್ಲದೆ ಕಾಯಂ ಹುದ್ದೆಯ ಸಂದರ್ಶನಕ್ಕೆ ಕರೆಯೇ ಬರುವುದಿಲ್ಲ. ಪ್ರತಿ ಸೆಮಿಸ್ಟರ್ ಮುಗಿದಾಗ ಮತ್ತೆ ಅರ್ಜಿ, ಮತ್ತೆ ಕಾಯುವುದು, ಮತ್ತೆ ಅದೇ ಮೇಜು.

ಅವರ ವಿಷಯ ಏನೆಂದು ನಾನೇ ಒಂದು ಮಧ್ಯಾಹ್ನ ಕೇಳಿದೆ. ಕೇಳಿದವರೆಲ್ಲ ಎರಡು ನಿಮಿಷದಲ್ಲಿ ಫೋನ್ ತೆಗೆಯುತ್ತಾರೆ ಎಂದು ಅವರು ಮೊದಲೇ ಎಚ್ಚರಿಸಿದರು. ಆಮೇಲೆ ಟೀ ಲೋಟವನ್ನು ಪಕ್ಕಕ್ಕಿಟ್ಟು, ಹಾಳೆಯ ಮೇಲೆ ಎರಡು ಚುಕ್ಕೆ ಇಟ್ಟು, ನಡುವೆ ಒಂದು ಗೆರೆ ಎಳೆದರು. ಇದು ಒಂದು ದಾರಿ. ಈಗ ಇದನ್ನು ಅಳಿಸಿ, ನಡುವೆ ಎರಡು ಹೊಸ ಚುಕ್ಕೆ ಇಟ್ಟು, ಒಂದೊಂದರ ಮೂಲಕವೂ ಒಂದೊಂದು ದಾರಿ ಮಾಡಿದರೆ ಆಕಾರ ವಜ್ರದ ಹರಳಿನಂತಾಗುತ್ತದೆ. ಅದರ ನಾಲ್ಕು ಗೆರೆಗಳಿಗೂ ಮತ್ತೆ ಅದೇ ಕೆಲಸ. ಮತ್ತೆ, ಮತ್ತೆ. ಯಾವ ತುಣುಕನ್ನು ಹತ್ತಿರದಿಂದ ನೋಡಿದರೂ ಇಡೀ ಚಿತ್ರದ ಹಾಗೆಯೇ ಕಾಣುತ್ತದೆ. ಕರೋಲ್ ಬಾಗ್‌ನ ಗಲ್ಲಿಯೊಳಗೊಂದು ಗಲ್ಲಿ, ಅದರೊಳಗೆ ಮತ್ತೊಂದು ಇರುವ ಹಾಗೆ. ಮದುವೆಯಾದ ಹೊಸತರಲ್ಲಿ ಕರಿಬೇವು ತರಲು ಹೋಗಿ ಅಲ್ಲಿ ಅರ್ಧ ದಿನ ಸುತ್ತಿದ್ದರಂತೆ. ಹಿಂದಿ ಬರುತ್ತಿರಲಿಲ್ಲ. ಪ್ರತಿ ತಿರುವಿನಲ್ಲೂ ಮನಸ್ಸಿಗೆ ಬಂದ ಕಡೆಗೆ ಹೋಗುವುದೊಂದೇ ಉಪಾಯವಾಗಿತ್ತು.

"ಅದನ್ನೇ ಓದ್ತಿರೋದು ನಾನು. ಗೊತ್ತುಗುರಿ ಇಲ್ಲದೆ ನಡೆಯೋನು ಹೊರಟಲ್ಲಿಗೆ ಯಾವಾಗ ವಾಪಸ್ ಬರ್ತಾನೆ ಅಂತ," ಎಂದರು.

ಅದನ್ನು ತಿಳಿಯಲು ಒಂದು ದಾರಿಯಿದೆ. ತಮಟೆಗೆ ತನ್ನದೇ ಸ್ವರಗಳಿರುವಂತೆ ಇಂಥ ಪ್ರತಿ ಜಾಲಕ್ಕೂ ಅದರದೇ ಸ್ವರಗಳಿರುತ್ತವೆ. ಸ್ವರವೆಂದರೆ ಇಲ್ಲಿ ಒಂದೊಂದು ಸಂಖ್ಯೆ. ಜಾಲದಲ್ಲಿ ಎಷ್ಟು ಚುಕ್ಕೆಯೋ ಅಷ್ಟೇ ಸ್ವರ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎಲ್ಲ ಸ್ವರಗಳೂ ತಿಳಿದರೆ ನಡೆಯುವವನ ಬಗ್ಗೆ ಎಲ್ಲವೂ ತಿಳಿದಂತೆ. ಅವನು ಹೊರಟ ಜಾಗವನ್ನು ಎಷ್ಟು ನಿಧಾನವಾಗಿ ಮರೆಯುತ್ತಾನೆ ಎಂಬುದೂ ಸಹ. ಜಾಲ ದೊಡ್ಡದಾದಂತೆ ಹಳೆಯ ಹಂತದ ಸ್ವರಗಳಿಂದ ಹೊಸ ಹಂತದ ಸ್ವರಗಳು ಹುಟ್ಟುತ್ತವೆ, ತಂದೆಯಿಂದ ಮಕ್ಕಳು ಹುಟ್ಟಿದಂತೆ. ವಜ್ರದಂಥ ಹಲವು ಬಗೆಯ ಜಾಲಗಳನ್ನು ಬೆರೆಸಿದರೂ ಎಲ್ಲ ಸ್ವರಗಳೂ ಮೊಟ್ಟಮೊದಲ ಗೆರೆಯ ಎರಡು ಸ್ವರಗಳ ಸಂತಾನವೇ ಎಂಬುದು ಅವರ ಪ್ರಬಂಧದ ಆರನೇ ಅಧ್ಯಾಯ. ಹಿಂದಿನ ಐದೂ ಅದಕ್ಕಾಗಿ ಕಟ್ಟಿದ ಮೆಟ್ಟಿಲು.

ನನಗೆ ಅರ್ಥವಾದದ್ದು ಇಷ್ಟು. ಇದನ್ನು ಅವರು ಎಲ್ಲಿ ಮಾಡುತ್ತಿದ್ದರು ಎಂಬುದೂ ನನಗೆ ಗೊತ್ತು. ಬೆಳಿಗ್ಗೆ ನೋಯ್ಡಾದಿಂದ ಬರುವ ಮೆಟ್ರೋದಲ್ಲಿ, ಸೀಟು ಸಿಕ್ಕಿದ ದಿನ ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಸಿಗದ ದಿನ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡು. ಸಂಜೆ ಕುಕ್ಕರ್ ಕೂಗುವ ನಡುವೆ. ಮನೆಯಲ್ಲಿ ಅವರಿಗೆಂದು ಬೇರೆ ಮೇಜಿರಲಿಲ್ಲ. ಊಟದ ಮೇಜಿನ ಒಂದು ಮೂಲೆ ಅವರದು, ಉಳಿದದ್ದು ಸಿಂಚನಾಳ ಪುಸ್ತಕಗಳದ್ದು.

ನವೆಂಬರ್ ಮೊದಲ ವಾರ ಇಲಾಖೆಯ ಸಮಿತಿಯ ಮುಂದೆ ಸೆಮಿನಾರ್ ಇತ್ತು. ಸಮಿತಿ ಒಪ್ಪಿದರೆ ಮಾತ್ರ ಪ್ರಬಂಧ ಒಪ್ಪಿಸಲು ಬಿಡುತ್ತಾರೆ. ಅವರ ಮಾರ್ಗದರ್ಶಕರು ಪ್ರೊಫೆಸರ್ ನಿಗಮ್, ಆ ವರ್ಷ ನಿವೃತ್ತರಾಗುವವರು. ಬೇರೆ ವಿಭಾಗದವರೂ ಕೇಳಲು ಕೂತಿರುತ್ತಾರೆ, ಅವರಿಗಾಗಿ ಒಂದು ಸಣ್ಣ ಜಾಲದ ಚಿತ್ರ ಬರೆದು ಕೆಳಗೆ ಅದರ ಸ್ವರಗಳನ್ನೆಲ್ಲ ಸಾಲಾಗಿ ಬರೆದುಬಿಡಿ ಎಂದು ಅವರು ಹೇಳಿದ್ದರು. ಒಂದು ಭಾನುವಾರ ಬೆಳಿಗ್ಗೆ ಅಹಲ್ಯಕ್ಕ ದೋಸೆ ಹಿಟ್ಟು ರುಬ್ಬಲು ಹಾಕಿ ಆ ಚಿತ್ರ ಮಾಡಲು ಕೂತರು. ಎರಡನೇ ಹಂತದ ವಜ್ರ. ಹನ್ನೆರಡು ಚುಕ್ಕೆ. ಕೆಳಗೆ ಸ್ವರಗಳನ್ನು ಬರೆದರು. ಆರೇ ಇದ್ದವು.

ಪ್ರಬಂಧದ ಪಟ್ಟಿಗಳಲ್ಲಿ ಯಾವ ಸ್ವರ ಎಷ್ಟು ಸಲ ಬರುತ್ತದೆ ಎಂದು ಬರೆದಿರಲಿಲ್ಲ. ಯಾವ ಯಾವ ಸ್ವರಗಳಿವೆ ಎಂದಷ್ಟೇ ಬರೆದಿತ್ತು. ಹಾಗಾಗಿ ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೊದಲು ಅವರು ಟೈಪ್ ಮಾಡುವಾಗ ಬಿಟ್ಟುಹೋಗಿರಬೇಕು ಎಂದುಕೊಂಡರಂತೆ. ಹಿಟ್ಟು ತೆಗೆದಿಟ್ಟು ಬಂದು ಮತ್ತೆ ಎಣಿಸಿದರು. ಆಮೇಲೆ ತಾವು ಮೊದಲ ವರ್ಷ ಬರೆದ ಪ್ರೋಗ್ರಾಂ ತೆರೆದರು. ಅದರಲ್ಲಿ ಒಂದು ಸಾಲು ಇತ್ತು.

ಕಂಪ್ಯೂಟರು ಸೊನ್ನೆಯನ್ನು ಸೊನ್ನೆ ಎಂದು ಕೊಡುವುದಿಲ್ಲ. ಸೊನ್ನೆ ಬರಬೇಕಾದಲ್ಲಿ ದಶಾಂಶದ ನಂತರ ಹದಿನೈದು ಸೊನ್ನೆ, ಆಮೇಲೆ ಏನೋ ಒಂದು ಅಂಕಿ, ಹೀಗೆ ಕಸದಂಥ ಸಂಖ್ಯೆಗಳು ಬರುತ್ತವೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಪಟ್ಟಿ ತುಂಬ ಇಂಥವೇ ಕಂಡು ಬೇಸತ್ತು, ಇಷ್ಟಕ್ಕಿಂತ ಚಿಕ್ಕದನ್ನೆಲ್ಲ ಎಸೆ ಎಂದು ಅವರು ಒಂದು ಜರಡಿ ಹಾಕಿದ್ದರು. ಕಸವೆಂದು ಹೋದದ್ದರಲ್ಲಿ ನಿಜವಾದ ಸೊನ್ನೆಗಳೂ ಹೋಗಿದ್ದವು. ಅವೂ ಸ್ವರಗಳೇ. ಪ್ರತಿ ಹಂತದಲ್ಲೂ ಅರ್ಧದಷ್ಟು ಅವೇ.

ಮರುದಿನ ಮೇಜಿನ ಬಳಿ ಅವರು ಇದನ್ನು ನನಗೆ ಹೇಳಿದಾಗ ಡಬ್ಬಿ ತೆರೆದಿರಲಿಲ್ಲ.

"ಅಮ್ಮ ಅಕ್ಕಿ ಆರಿಸೋವಾಗ ಮೊರದ ಮುಂದೆ ಕೂತು ನೋಡ್ತಿದ್ದೆ. ಕೈ ಅದನ್ನೇ ಕಲಿತುಬಿಟ್ಟಿದೆ ನೋಡು," ಎಂದರು. "ಕಲ್ಲು ಅಂತ ಎಸೆದದ್ದರಲ್ಲಿ ಅರ್ಧ ಅಕ್ಕಿನೇ ಇತ್ತು ಗೋಪಿ."

ಪರೀಕ್ಷಿಸಿ ನೋಡಿರಲಿಲ್ಲವೇ ಎಂದು ಕೇಳಿದೆ. ನೋಡಿದ್ದರು, ವರ್ಷಗಟ್ಟಲೆ. ಎರಡು ಹೆಜ್ಜೆಗೆ, ನಾಲ್ಕು ಹೆಜ್ಜೆಗೆ, ನೂರು ಹೆಜ್ಜೆಗೆ ಮರಳಿ ಬರುವ ಸಾಧ್ಯತೆಯನ್ನು ಸ್ವರಗಳನ್ನು ಗುಣಿಸಿ ಕೂಡಿ ಪಡೆಯಬಹುದು. ಪ್ರತಿ ಸಲವೂ ಮೊತ್ತ ತಾಳೆಯಾಗಿತ್ತು. ಆಗದೆ ಏನು? ಸೊನ್ನೆಯನ್ನು ಎಷ್ಟು ಸಲ ಗುಣಿಸಿದರೂ ಸೊನ್ನೆಯೇ. ಅದು ಇದ್ದರೂ ಹೋದರೂ ಮೊತ್ತಕ್ಕೆ ತಿಳಿಯುವುದಿಲ್ಲ. ಇನ್ನೊಂದು ಪರೀಕ್ಷೆಯೂ ಇತ್ತು. ಮೇಲಿನ ಹಂತದ ಪ್ರತಿ ಸ್ವರಕ್ಕೂ ಕೆಳಗಿನ ಹಂತದಲ್ಲಿ ತಂದೆಯನ್ನು ಹುಡುಕುವುದು. ತಂದೆ ಸೊನ್ನೆಯೆಂದು ಬಂದಲ್ಲೆಲ್ಲ ಅದೇ ಜರಡಿ ಅದನ್ನೂ ಕಸವೆಂದು ತೆಗೆದುಹಾಕಿ, ಎಲ್ಲ ಸರಿಯಿದೆ ಎಂದು ತೋರಿಸಿತ್ತು. ಆ ಸೊನ್ನೆಗಳು ಆ ಹಂತದಲ್ಲಿ ಸುಮ್ಮನಿರುತ್ತವೆ, ಮುಂದಿನ ಹಂತದಲ್ಲಿ ಅವಕ್ಕೆ ಮಕ್ಕಳಾಗುತ್ತವೆ, ಆ ಮಕ್ಕಳು ಸೊನ್ನೆಯಲ್ಲ. ಹಾಗಾಗಿ ಎಲ್ಲವೂ ಮೊದಲ ಎರಡರ ಸಂತಾನ ಎಂಬ ಮಾತು ಬಿದ್ದುಹೋಯಿತು. ಆರನೇ ಅಧ್ಯಾಯವೂ ಹೋಯಿತು.

ಅವರು ನಿಗಮ್ ಸರ್ ಬಳಿ ಹೋದರು. ಸರ್ ಅದನ್ನು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ತಾವೂ ಇದನ್ನು ಓದಿ ಸಹಿ ಮಾಡಿದವರೇ ಎಂದರಂತೆ. ಆಮೇಲೆ ಕಿಟಕಿಯ ಕಡೆ ನೋಡುತ್ತಾ, ಇದ್ದ ಹಾಗೆಯೇ ಒಪ್ಪಿಸಿಬಿಡಿ, ಪದವಿ ಬಂದ ಮೇಲೆ ಇಬ್ಬರೂ ಸೇರಿ ತಿದ್ದಿ ಒಂದು ಲೇಖನ ಪ್ರಕಟಿಸೋಣ ಎಂದರು. ಅದರಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ ಎಂದು ಅಹಲ್ಯಕ್ಕ ನನಗೆ ಎರಡು ಸಲ ಹೇಳಿದರು. ಅವರಿಗೂ ಸಾಕಾಗಿತ್ತು, ಕೋಣೆ ಖಾಲಿ ಮಾಡಲು ಪುಸ್ತಕಗಳನ್ನು ಆಗಲೇ ರಟ್ಟಿನ ಪೆಟ್ಟಿಗೆಗೆ ತುಂಬಿದ್ದರು.

ಮನೆಯಲ್ಲೂ ಅದೇ ಮಾತು ಬಂತು. ಆ ವಾರ ಯುಗಾದಿಯೂ ಅಲ್ಲ, ಹಬ್ಬವೂ ಅಲ್ಲ, ಆದರೂ ಅವರು ಹೋಳಿಗೆ ಮಾಡಿ ನನ್ನನ್ನು ಊಟಕ್ಕೆ ಕರೆದಿದ್ದರು. ಕೈಗೆ ಏನಾದರೂ ಬೇರೆ ಕೆಲಸ ಬೇಕಿತ್ತೇನೋ. ಮುರಳೀಧರ ಅವರು ಎಲ್ಲವನ್ನೂ ಕಡತದ ಹಾಗೆ ನೋಡುವವರು.

"ತಪ್ಪು ಅಂತ ಯಾರ್ಯಾರಿಗೆ ಗೊತ್ತು?" ಎಂದು ಕೇಳಿದರು.

"ನನಗೆ. ನಿಗಮ್ ಸರ್‌ಗೆ. ಈಗ ಗೋಪಿಗೆ."

"ಹಾಗಾದ್ರೆ ಇನ್ನೂ ಫೈಲ್ ಮೇಲೆ ಬಂದಿಲ್ಲ ಅಂತಾಯ್ತು," ಎಂದು ಅವರು ತುಪ್ಪ ಹಾಕಿಕೊಂಡರು. "ಕಳಿಸಿಬಿಡು ಕಣೇ. ಆಮೇಲೆ ತಿದ್ದುಪಡಿ ಹೊರಡಿಸು. ಇಡೀ ಸರ್ಕಾರ ನಡೀತಿರೋದೇ ತಿದ್ದುಪಡಿ ಮೇಲೆ."

ಸಿಂಚನಾ ಎಂಟನೇ ತರಗತಿಯ ಹುಡುಗಿ. ಅಮ್ಮ ಪಿಎಚ್.ಡಿ. ಮಾಡದ ಕಾಲ ಅವಳ ನೆನಪಿನಲ್ಲೇ ಇಲ್ಲ. "ಅಮ್ಮಾ, ಚಲೋ, ಸಬ್ಮಿಟ್ ಮಾಡಿಬಿಡು ನಾ. ಆಠ್ ಸಾಲ್, ಎಂಟು ವರ್ಷ ಆಯ್ತು. ಐ ವಾಂಟ್ ದಿಸ್ ಟೇಬಲ್," ಎಂದಳು. ಎಲ್ಲರೂ ನಕ್ಕರು, ಅಹಲ್ಯಕ್ಕನೂ ನಕ್ಕರು.

ಅವರು ನನ್ನನ್ನು ಮೆಟ್ರೋ ನಿಲ್ದಾಣದವರೆಗೆ ಬಿಡಲು ಬಂದರು. ಹೊಗೆ ಹಿಡಿದ ಸಂಜೆ, ಎದುರಿನ ಕಟ್ಟಡಗಳ ಮೇಲಿನ ಮಹಡಿಗಳು ಕಾಣುತ್ತಿರಲಿಲ್ಲ. ಏನು ಮಾಡುತ್ತೀರಿ ಎಂದು ಕೇಳಿದೆ. ಏನೋ ದೊಡ್ಡ ಮಾತು ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಬಾಯಿಗೆ ಸೆರಗು ಹಿಡಿದು ಕೆಮ್ಮಿ, ನಡೆಯುತ್ತಲೇ ಹೇಳಿದರು:

"ಸುಳ್ಳನ್ನ ಒಂದು ಗಂಟೆ ನಿಂತು ಸಮರ್ಥಿಸೋಕೂ ಶಕ್ತಿ ಬೇಕಪ್ಪಾ. ಯಾರು ಏನು ಕೇಳ್ತಾರೋ ಅಂತ ಕಾಯ್ತಾ ಇರಬೇಕು. ನನ್ನಲ್ಲಿ ಅಷ್ಟು ಉಳಿದಿಲ್ಲ. ನಿಜ ಹೇಳಿಬಿಟ್ರೆ ಕೂತ್ಕೋಬಹುದು."

ಸೆಮಿನಾರಿಗೆ ನಾನೂ ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಐದು ಅಧ್ಯಾಯಗಳನ್ನು ಅವರು ಎಂದಿನ ಪಾಠದಂತೆ ಹೇಳಿದರು. ಆರನೆಯದಕ್ಕೆ ಬಂದಾಗ ಹನ್ನೆರಡು ಚುಕ್ಕೆಯ ಚಿತ್ರ ತೋರಿಸಿ, ಇದರ ಮುಖ್ಯ ಫಲಿತಾಂಶ ತಪ್ಪು, ಕಾರಣ ಇದು ಎಂದರು. ಜರಡಿಯ ಆ ಸಾಲನ್ನೂ ತೋರಿಸಿದರು. ನಿಗಮ್ ಸರ್ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದರು. ಸಂಖ್ಯಾಶಾಸ್ತ್ರ ವಿಭಾಗದಿಂದ ಬಂದಿದ್ದ ಸೇಠಿ ಎಂಬ ಮೇಡಂ ಮಾತ್ರ ಮುಂದಕ್ಕೆ ಬಾಗಿದರು. ಮೊತ್ತಕ್ಕೆ ಏನೂ ಕೂಡಿಸದ ಸ್ವರ ಇದ್ದರೇನು, ಬಿಟ್ಟರೇನು ಎಂಬುದು ಅವರ ಪ್ರಶ್ನೆ.

ಅಹಲ್ಯಕ್ಕ ಬೋರ್ಡಿನ ಬಳಿ ಹೋಗಿ ಒಂದೇ ಒಂದು ವಜ್ರ ಬರೆದರು. ನಡುವಿನ ಎರಡು ಚುಕ್ಕೆಗಳಲ್ಲಿ ಒಂದರ ಪಕ್ಕ ಧನ ಒಂದು, ಇನ್ನೊಂದರ ಪಕ್ಕ ಋಣ ಒಂದು ಎಂದು ಬರೆದರು. ಎರಡು ತುದಿಗಳಿಗೆ ಸೊನ್ನೆ. ಇವೆರಡೂ ಒಂದಕ್ಕೊಂದು ವಿರುದ್ಧವಾಗಿ ತೂಗುತ್ತಿರುತ್ತವೆ, ತುದಿಯಲ್ಲಿ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ ಎಂದು ವಿವರಿಸಿದರು. ಆಮೇಲೆ ಪ್ರತಿ ಗೆರೆಯನ್ನೂ ಒಡೆದು ಮುಂದಿನ ಹಂತ ಬರೆದು, ಅದೇ ತೂಗಾಟದಿಂದ ಹುಟ್ಟಿದ ಎರಡು ಹೊಸ ಸ್ವರಗಳನ್ನು ಲೆಕ್ಕ ಮಾಡಿ ತೋರಿಸಿದರು. ಅವು ಸೊನ್ನೆಯಾಗಿರಲಿಲ್ಲ. ಸೇಠಿ ಮೇಡಂ ಅಚ್ಛಾ ಎಂದು ಮೆಲ್ಲಗೆ ಹೇಳಿ ಹಿಂದಕ್ಕೊರಗಿದರು.

ಅಧ್ಯಕ್ಷರು ಗಡಿಯಾರ ನೋಡಿದರು. "ಮೇಡಂ, ನಿಮ್ಮ ಪ್ರಬಂಧವನ್ನು ನೀವೇ ಕೆಡವಿದಿರಿ. ಈಗ ಉಳಿದದ್ದೇನು?"

"ಸ್ವಲ್ಪ ಉಳಿದಿದೆ ಸರ್," ಎಂದರು ಅಹಲ್ಯಕ್ಕ. "ಉಳಿದಿರೋದು ಸರಿಯಾಗಿದೆ."

ಅವರನ್ನು ಹೊರಗೆ ಕೂರಲು ಹೇಳಿದರು. ಕಾರಿಡಾರಿನ ಬೆಂಚಿನ ಮೇಲೆ ಕೂತ ಸ್ವಲ್ಪ ಹೊತ್ತಿಗೆ ಅವರಿಗೆ ನಿದ್ದೆ ಹತ್ತಿತು. ಮಡಿಲಿನ ಚೀಲ ಜಾರದಂತೆ ನಾನು ಹಿಡಿದುಕೊಂಡೆ. ಒಳಗೆ ಕರೆದಾಗ ಎಬ್ಬಿಸಬೇಕಾಯಿತು. ತೀರ್ಮಾನ ಇದಾಗಿತ್ತು: ಆರನೇ ಅಧ್ಯಾಯವಿಲ್ಲದ ಪ್ರಬಂಧ ತೀರ ತೆಳು, ಒಪ್ಪಲಾಗದು. ಆದರೆ ಕೊನೆಯ ದಿನಾಂಕದೊಳಗೆ, ಸಾದಾ ವಜ್ರದ ಜಾಲವೊಂದಕ್ಕಾದರೂ, ಆ ಸೊನ್ನೆಗಳು ಎಲ್ಲಿ ಹುಟ್ಟುತ್ತವೆ, ಅವುಗಳ ಸಂತಾನ ಎಲ್ಲಿಗೆ ಹೋಗುತ್ತದೆ ಎಂದು ಸಾಧಿಸಿ ಬರೆದರೆ ಪರಿಗಣಿಸಬಹುದು. ಶೀರ್ಷಿಕೆಯಲ್ಲಿ ಅಧ್ಯಯನ ಎಂದಷ್ಟೇ ಇರುವುದರಿಂದ ಅದನ್ನು ಬದಲಿಸಬೇಕಾಗಿಲ್ಲ. ಆ ಕೊನೆಯ ಅಂಶವನ್ನು ಎತ್ತಿದವರು ನಿಗಮ್ ಸರ್ ಎಂದು ಆಮೇಲೆ ತಿಳಿಯಿತು.

ಮೂರೇ ವಾರ ಉಳಿದಿತ್ತು. ದಿನಕ್ಕೆ ನಾಲ್ಕು ತರಗತಿ, ನೋಯ್ಡಾದಿಂದ ಹೋಗಿಬರುವುದು, ಮನೆ. ಇದು ಆಗದ ಮಾತು ಎಂದೇ ನಾನು ತಿಳಿದಿದ್ದೆ. ಆಗಿದ್ದು ಹೊಗೆಯಿಂದ. ಗಾಳಿ ತೀರ ಕೆಟ್ಟು ಎರಡನೇ ವಾರ ಶಾಲೆ, ಕಾಲೇಜುಗಳೆಲ್ಲ ಆನ್‌ಲೈನ್ ಆದವು. ಊರಿಗೆ ಊರೇ ಕಣ್ಣುರಿ ಎಂದು ಗೊಣಗುತ್ತಿತ್ತು. ಅಹಲ್ಯಕ್ಕನಿಗೆ ಮಾತ್ರ ದಿನಕ್ಕೆ ಮೂರು ಗಂಟೆಯ ಪ್ರಯಾಣ ಉಳಿಯಿತು. ಕಿಟಕಿಗಳ ಸಂದಿಗೆ ಒದ್ದೆ ಬಟ್ಟೆ ತುರುಕಿ, ಊಟದ ಮೇಜಿನ ಈ ಮೂಲೆಯಿಂದ ಪಾಠ ಮಾಡಿ, ಕ್ಯಾಮರಾ ಆರಿಸಿದ ಕೂಡಲೇ ಅಲ್ಲೇ ಬರೆಯಲು ಶುರುಮಾಡುತ್ತಿದ್ದರು. ಆ ಕಡೆ ಮೂಲೆಯಲ್ಲಿ ಸಿಂಚನಾಳ ಆನ್‌ಲೈನ್ ತರಗತಿ. ತನ್ನ ಪುಸ್ತಕಗಳನ್ನು ಅವಳು ಹೇಳದೆಯೇ ನೆಲಕ್ಕೆ ಇಳಿಸಿಕೊಂಡಿದ್ದಳಂತೆ. ಮುರಳೀಧರ ಅವರು ಅಡುಗೆ ವಹಿಸಿಕೊಂಡರು. ಎರಡು ವಾರ ಬೆಳಿಗ್ಗೆ ಉಪ್ಪಿಟ್ಟು, ಸಂಜೆ ಅದೇ ಉಪ್ಪಿಟ್ಟು.

ಫೋನ್ ಮಾಡಿದರೆ ಕೆಮ್ಮಿನ ನಡುವೆ ಎರಡು ಮಾತು. ಒಂದು ದಿನ ಸಾಧನೆ ಮುರಿಯಿತು ಎಂದರು, ಇನ್ನೊಂದು ದಿನ ಕೂಡಿಕೊಂಡಿತು ಎಂದರು. ಕೊನೆಗೆ ಬಂದ ಉತ್ತರ ಅವರು ಅಂದುಕೊಂಡಿದ್ದಕ್ಕೆ ತಲೆಕೆಳಗಾಗಿತ್ತು. ಜಾಲ ದೊಡ್ಡದಾದಂತೆ ಮೊದಲ ಎರಡು ಸ್ವರಗಳ ಸಂತಾನ ಇಡೀ ಗುಂಪಿನಲ್ಲಿ ಎಲ್ಲೋ ಕಳೆದುಹೋಗುತ್ತದೆ. ಉಳಿದವೆಲ್ಲ ಹಂತಹಂತದಲ್ಲಿ ನಡುವೆ ಹುಟ್ಟಿದ ಸೊನ್ನೆಗಳು ಮತ್ತು ಅವುಗಳ ಮಕ್ಕಳು, ಮೊಮ್ಮಕ್ಕಳು. ಬೆರೆತ ಜಾಲಗಳಿಗೆ ಇದನ್ನು ಸಾಧಿಸಲು ಸಮಯ ಸಿಗಲಿಲ್ಲ. ಸಾದಾ ವಜ್ರಕ್ಕೆ ಮಾತ್ರ ಆಯಿತು. ಎಂಟು ವರ್ಷದ ಕೆಲಸದಲ್ಲಿ ಕೊನೆಗೆ ನಿಂತದ್ದು ಎರಡು ವಾರದಲ್ಲಿ ಬರೆದ ಒಂದು ಗಿಡ್ಡ ಅಧ್ಯಾಯ.

ಓಖ್ಲಾದ ಒಂದು ಪ್ರೆಸ್ಸಿನಲ್ಲಿ ಬೈಂಡ್ ಮಾಡಿಸಿದೆವು. ಪ್ರೆಸ್ಸಿನ ಭಯ್ಯಾ ರಟ್ಟಿನ ಬಣ್ಣ ಯಾವುದು ಎಂದು ಕೇಳಿದಾಗ ನಾನೇ ಕಡುನೀಲಿ ಎಂದೆ. ಅಲ್ಲಿಂದ ವಿಶ್ವವಿದ್ಯಾಲಯದ ಕಚೇರಿಗೆ ಹೋಗಿ ಮಧ್ಯಾಹ್ನದೊಳಗೆ ಒಪ್ಪಿಸಿದೆವು. ಗುಮಾಸ್ತರು ಪುಟ ತಿರುವಿ, ಮುದ್ರೆ ಒತ್ತಿ, ಮುಂದಿನವರನ್ನು ಕರೆದರು. ಇಷ್ಟೇನಾ ಎಂಬಂತೆ ಅಹಲ್ಯಕ್ಕ ಕೌಂಟರಿನ ಮುಂದೆ ಸ್ವಲ್ಪ ಹೊತ್ತು ನಿಂತೇ ಇದ್ದರು.

ಮುಂದಿನ ಬೇಸಿಗೆಯಲ್ಲಿ ಮೌಖಿಕ ಪರೀಕ್ಷೆ ಆಗಿ ಪದವಿ ಬಂತು. ಪರೀಕ್ಷಕರೊಬ್ಬರು ತಮ್ಮ ವರದಿಯಲ್ಲಿ ಮೊದಲ ಐದು ಅಧ್ಯಾಯಗಳ ಬಗ್ಗೆ ಒಂದು ಸಾಲು ಬರೆದು, ಉಳಿದ ಪುಟವನ್ನೆಲ್ಲ ಆರನೆಯದಕ್ಕೆ ಕೊಟ್ಟಿದ್ದರು. ನಿಗಮ್ ಸರ್ ನಿವೃತ್ತರಾಗಿದ್ದರೂ ಬಂದು, ಹಿಂದಿನ ಸಾಲಿನಲ್ಲಿ ಕೂತು ಹೋದರು. ಅಹಲ್ಯಕ್ಕ ಈಗ ಸಂದರ್ಶನಗಳಿಗೆ ಹೋಗುತ್ತಾರೆ. ಎರಡು ಆಗಿವೆ, ಎರಡರಲ್ಲೂ ಬೇರೆಯವರು ಆಯ್ಕೆಯಾದರು. ಮೂರನೆಯದಕ್ಕೆ ಕರೆ ಬಂದಿದೆ. ಊಟದ ಮೇಜು ಪೂರ್ತಿ ಸಿಂಚನಾಳದ್ದಾಗಿದೆ.

ಕಾಲೇಜಿನಲ್ಲಿ ಅದೇ ಮೇಜು, ಅದೇ ಬಿಸಿಗಾಳಿ. ಮೊದಲ ವರ್ಷದ ಮಕ್ಕಳು ಅವರಿಗೆ ಒಂದು ಹೆಸರಿಟ್ಟಿದ್ದಾರೆ. ಯಾವ ಲೆಕ್ಕ ಮಾಡಿಕೊಂಡು ಹೋದರೂ ಉತ್ತರ ನೋಡುವ ಮೊದಲು ಎಷ್ಟಿರಬೇಕಿತ್ತು, ಎಷ್ಟಿವೆ, ಎಣಿಸಿ ಎನ್ನುತ್ತಾರಂತೆ. ಅದಕ್ಕೇ ಗಿನ್ತಿ ಮ್ಯಾಡಮ್, ಎಣಿಕೆಯ ಮೇಡಂ. ಈ ಹೆಸರು ಗೊತ್ತೇ ಎಂದು ಮೊನ್ನೆ ಕೇಳಿದೆ. ಗೊತ್ತು, ಮುಂದಿನ ಬೆಂಚಿನವರು ಕೂಗಿದ್ದು ಕೇಳಿಸಿತು ಎಂದರು. ಆಮೇಲೆ ಕನ್ನಡಕ ತೆಗೆದು, ಮುಂದಿನ ತರಗತಿಗೆ ಇನ್ನೂ ಅರ್ಧ ಗಂಟೆ ಇದೆ, ಗಂಟೆ ಹೊಡೆದರೆ ಎಬ್ಬಿಸು ಎಂದು ಹೇಳಿ, ಮೇಜಿನ ಮೇಲೆ ತೋಳಿಟ್ಟು ತಲೆ ಆನಿಸಿದರು.